ಸಂಗೀತ ಸಭೆಯಲ್ಲಿ ಅವ್ವನ ಹೂಂ

ನನ್ನ ಗಂಡನಿಗೆ ಬಿಪಿ ಬಂದ ವರ್ಷವೇ ಸಂಸ್ಕೃತಿಯೂ ಬಂತು. ಎರಡನ್ನೂ ಹಚ್ಚಿದವರು ಒಬ್ಬರೇ ಡಾಕ್ಟರು. ಗದ್ವಾಲದಲ್ಲಿ ನಮ್ಮದು ಹತ್ತಿ ಬೀಜದ ಅಂಗಡಿ. ಐಜ, ಮಾನೋಪಾಡು, ಶಾಂತಿನಗರದ ಕಡೆಯಿಂದ ಬರುವ ಗಿರಾಕಿಗಳು ಬೀಜ ಮೊಳೆಯದಿದ್ದರೆ ಬೈಯುತ್ತಾರೆ, ಮೊಳೆತ ಮೇಲೆ ಹುಳ ಬಿದ್ದರೂ ಬೈಯುತ್ತಾರೆ, ಪಕ್ಕದ ಹೊಲದಲ್ಲಿ ಇನ್ನೂ ಚೆನ್ನಾಗಿ ಮೊಳೆತರೆ ಅದಕ್ಕೂ ಬೈಯುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡು ಇವರ ತಲೆ ಕಾದು ಹೋಗಿತ್ತು. "ಆಗಾಗ ಅಂಗಡಿ ಬಿಟ್ಟು ಹೊರಗ ಹೋಗ್ರಿ, ಒಳ್ಳೆ ಸಂಗೀತ ಕೇಳ್ರಿ" ಎಂದು ಡಾಕ್ಟರು ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಇವರು ಮೊಣಕಾಲು ಮುಟ್ಟುವ ಬಿಳಿ ಜುಬ್ಬಾ ಹೊಲಿಸಿಕೊಂಡು, ಕಾಚಿಗುಡಾ ಗಾಡಿಯ ವೇಳೆಯನ್ನು ಬಾಯಿಪಾಠ ಮಾಡಿದರು.

ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ಒಂದೆರಡು ತಿಂಗಳಿಗೊಮ್ಮೆ ಶನಿವಾರ ಬೆಳಗಿನ ಗಾಡಿಗೆ ಹೈದರಾಬಾದಿಗೆ ಹೋಗುವುದು, ಹಗಲು ಹಳೆಯದೇನಾದರೂ ನೋಡುವುದು, ಸಂಜೆ ಸಂಗೀತ ಕೇಳುವುದು, ಲಾಡ್ಜಿನಲ್ಲಿ ಮಲಗಿ ಮರುದಿನ ವಾಪಸ್ಸು ಬರುವುದು. ಹಳೆಯದನ್ನು ನೋಡಲು ಹೈದರಾಬಾದಿನವರೆಗೆ ಯಾಕೆ, ನಮ್ಮ ಗದ್ವಾಲದ ಕೋಟೆಯೇ ಬಿದ್ದುಹೋಗುವಷ್ಟು ಹಳೆಯದಿದೆಯಲ್ಲ ಎಂದು ನಾನೊಮ್ಮೆ ಕೇಳಿದೆ. "ಅದು ದಿನಾ ಕಾಣತೈತಿ" ಎಂದರು.

ನಾನು ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ತೆಲುಗಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ, ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುತ್ತೇನೆ. ಬೈಯುವವಳು ಅವ್ವ. ಅಪ್ಪ ತೀರಿಕೊಂಡ ಮೇಲೆ ಅವಳು ಮಕ್ತಲ್ ಕಡೆಯ ನಮ್ಮ ಹಳ್ಳಿಯಿಂದ ಒಂದು ಕರಿ ಕಂಬಳಿ, ಒಂದು ಎಲೆಯಡಿಕೆ ಚೀಲ ಹಿಡಿದು ನಮ್ಮ ಮನೆಗೆ ಬಂದಳು. ಬಂದ ದಿನವೇ ಅಡುಗೆಮನೆಯ ಡಬ್ಬಿಗಳ ಜಾಗವನ್ನೆಲ್ಲ ಬದಲಿಸಿ ಮನೆಯನ್ನು ವಶಕ್ಕೆ ತೆಗೆದುಕೊಂಡಳು. ನನ್ನ ಗಂಡ ಅವಳ ತಮ್ಮನ ಮಗ. ಹುಟ್ಟಿದಾಗಿನಿಂದ ಅವಳನ್ನು 'ಅತ್ತಿ' ಎನ್ನುತ್ತಲೇ ಬೆಳೆದವರು, ಮದುವೆಯಾದ ಮೇಲೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಅಳಿಯನಿಗೆ ಕೊಡುವ ಮರ್ಯಾದೆಯನ್ನು ಅವಳೂ ಕೊಡಲಿಲ್ಲ. ಚಿಕ್ಕವನಿದ್ದಾಗ ಮೂಗು ಒರೆಸಿದವಳು ಕೊಡುವುದಾದರೂ ಹೇಗೆ.

ಅವಳನ್ನು ಮನೆಯಲ್ಲಿ ಬಿಟ್ಟು ಹೋಗುವ ಮಾತೇ ಇರಲಿಲ್ಲ. ಮುದುಕಿ ಒಬ್ಬಳೇ ಹೇಗಿರುತ್ತಾಳೆ ಎಂಬ ಚಿಂತೆ ನಮಗೇನೂ ಇರಲಿಲ್ಲ, ನಾವಿಬ್ಬರೇ ಹೇಗೆ ಹೋಗಿ ಬರುತ್ತೇವೆ ಎಂಬ ಚಿಂತೆ ಅವಳಿಗಿತ್ತು. ಗಾಡಿ ಬಂದು ನಿಲ್ಲುವುದಕ್ಕೂ ಅವಳು ಕಿಟಕಿಯೊಳಗೆ ಕಂಬಳಿ ಎಸೆದು ಜಾಗ ಹಿಡಿಯುವುದಕ್ಕೂ ಸರಿಹೋಗುತ್ತಿತ್ತು. ಕಂಬಳಿ ಹಾಸಿದ ಮೇಲೆ ಅದು ರೈಲ್ವೆಯವರ ಸೀಟಲ್ಲ, ಅವ್ವನ ಕಟ್ಟೆ. ಚಪ್ಪಲಿಗಾಲು ಮೇಲಿಟ್ಟವರನ್ನು ಯಾವ ಭಾಷೆಯವರೆಂದು ನೋಡದೆ ಇಳಿಸುತ್ತಿದ್ದಳು. ವನಪರ್ತಿ ರೋಡ್ ದಾಟುವಷ್ಟರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚುತ್ತಿತ್ತು. ಮಹಬೂಬನಗರ ಬರುವಷ್ಟರಲ್ಲಿ ಬೋಗಿಯಲ್ಲಿ ಯಾರ ಮಗಳು ಯಾಕೆ ತವರಿಗೆ ಬಂದು ಕೂತಿದ್ದಾಳೆ ಎಂಬುದು ಅವಳಿಗೆ ತಿಳಿದಿರುತ್ತಿತ್ತು. ಇವರು ಜುಬ್ಬಾದ ಮೇಲೆ ಹಿಂಡಿ ಬೀಳದಂತೆ ಟವೆಲ್ ಹೊದ್ದುಕೊಂಡು, ಸಂಸ್ಕೃತಿವಂತರಂತೆ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದರು.

ಮೊದಲ ಸಂಗೀತ ಸಭೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹಾಡುವವರು ಧಾರವಾಡದ ಕಡೆಯಿಂದ ಬಂದ ನಡುವಯಸ್ಸಿನ ಗವಾಯಿಗಳು. ಸಭಾಂಗಣದಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಅವ್ವ ಕಂಬಳಿಯನ್ನು ತಲೆಯ ಮೇಲಿನಿಂದ ಹೊದ್ದುಕೊಂಡಳು. ನಮ್ಮ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ಹೆಂಗಸರು. ಅವರ ಮುಡಿಯ ಮಲ್ಲಿಗೆಗೆ ಅವ್ವನ ಕಂಬಳಿಯ ಕುರಿವಾಸನೆ ತಾಗಿ ಒಬ್ಬಾಕೆ ಆಗಲೇ ಎರಡು ಸಲ ಹಿಂತಿರುಗಿ ನೋಡಿದ್ದರು. ಗವಾಯಿಗಳು ಕಣ್ಣು ಮುಚ್ಚಿ ಆಲಾಪ ಹಿಡಿದರು. ಬಹಳ ಹೊತ್ತಾದರೂ ಮಾತು ಬರಲಿಲ್ಲ. ಅವ್ವ ನನ್ನ ಕಿವಿಯ ಹತ್ತಿರ ಬಾಗಿ, "ಏನ ಹೇಳಬೇಕಂತ ಬಂದಾನೋ ಅದನ್ನ ಮರತಾನ, ಪಾಪ" ಎಂದಳು.

ಕೊನೆಗೆ ಅವರೊಂದು ಕನ್ನಡ ಪದ ಎತ್ತಿಕೊಂಡರು. ಅವ್ವ ಕಂಬಳಿ ಸರಿಸಿ ನೆಟ್ಟಗೆ ಕೂತಳು. ಮೊದಲ ಸಾಲು ಮುಗಿದು ಗವಾಯಿಗಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಪಕ್ಕದಿಂದ "ಹೂಂ" ಎಂಬ ಸದ್ದು ಎದ್ದಿತು. ಗಂಟಲಿನದಲ್ಲ, ಎದೆಯೊಳಗಿನದು. ಅದು ವೇದಿಕೆಯವರೆಗೂ ಹೋಗಿ ಮುಟ್ಟಿದ್ದು ನನಗೇ ಕಾಣಿಸಿತು.

ಈ ಹೂಂ ಏನೆಂದು ಹೇಳಿಬಿಡಬೇಕು. ನಮ್ಮ ಕಡೆ ಬೀರಪ್ಪನ ಗುಡಿಯ ಮುಂದೆ ಕಂಬಳಿ ಹಾಸಿ ದೇವರ ಕಥೆ ಹಾಡುತ್ತಾರೆ. ಹಾಡುವವನು ಒಂದು ಸಾಲು ಹೇಳಿ ನಿಲ್ಲಿಸಿದಾಗ ಎದುರಿಗೆ ಕೂತ ಒಬ್ಬರು 'ಹೂಂ' ಅನ್ನಬೇಕು. ಎಲ್ಲರೂ ಅಲ್ಲ, ಗೊತ್ತುಮಾಡಿದ ಒಬ್ಬರೇ. ಆ ಹೂಂ ಬಿದ್ದ ಮೇಲೆಯೇ ಮುಂದಿನ ಸಾಲು. ಬರದಿದ್ದರೆ ಅವನು ಡೊಳ್ಳಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತುಬಿಡುತ್ತಾನೆ, ಕೇಳುವವರಿಲ್ಲದ ಮೇಲೆ ದೇವರ ಕಥೆಯನ್ನು ಗಾಳಿಗೆ ಹೇಳಬಾರದಂತೆ. ಅವ್ವನ ಅಪ್ಪ ಈ ಕೆಲಸ ಮಾಡುತ್ತಿದ್ದ. ಅವನ ಗಂಟಲು ಹೋದಾಗ ಊರವರು ಬೇರೆ ಗಂಡಸರನ್ನು ಆ ಜಾಗದಲ್ಲಿ ಕೂರಿಸಿ ನೋಡಿದರು. ಒಬ್ಬ ನಿದ್ದೆ ಹೋದ. ಇನ್ನೊಬ್ಬ ಬೀಡಿ ಸೇದಲು ಎದ್ದು ಹೋಗಿ ದೇವರನ್ನು ಅಡವಿಯ ನಡುವೆಯೇ ನಿಲ್ಲಿಸಿದ. ಹಿಂದೆ ಹೆಂಗಸರ ನಡುವೆ ಕೂತಿದ್ದ ಅವ್ವ ತಡೆಯಲಾರದೆ 'ಹೂಂ' ಅಂದಳು, ದೇವರು ಅಡವಿಯಿಂದ ಹೊರಬಂದ. ಅಂದಿನಿಂದ ಆ ಜಾಗ ಅವಳದು. ಗದ್ವಾಲಕ್ಕೆ ಬಂದ ಮೇಲೂ ವರ್ಷಕ್ಕೊಮ್ಮೆ ಹಾಡಿಕೆಗೆಂದು ಊರಿಗೆ ಹೋಗಿ ಹೂಂಗುಟ್ಟಿ ಬರುತ್ತಿದ್ದಳು. ಅವಳಿಗೆ ಇದ್ದ ಒಂದೇ ಹೆಮ್ಮೆ ಅದು. ನನ್ನನ್ನು ಹೆತ್ತದ್ದರ ಬಗ್ಗೆ ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಊರಲ್ಲಿ ಸರಿ. ಆದರೆ ಇದು ಹೈದರಾಬಾದು, ಇದು ಎಸಿ ಸಭಾಂಗಣ. ಎರಡನೇ ಸಾಲಿಗೂ ಹೂಂ ಬಿತ್ತು, ಮೂರನೆಯದಕ್ಕೂ. ಮುಂದಿನ ಸಾಲು ಪೂರ್ತಿಯಾಗಿ ಹಿಂತಿರುಗಿತು. ನಾನು ಸೀರೆಯ ಸೆರಗು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ನನ್ನ ಗಂಡ ಕ್ಯಾಂಟೀನಿಗೆ ಹೋದವರು ಕಾರ್ಯಕ್ರಮ ಮುಗಿಯುವವರೆಗೂ ಒಂದೇ ಕಪ್ ಚಹಾ ಕುಡಿದರು. ಗವಾಯಿಗಳು ಮಾತ್ರ ಕಣ್ಣು ತೆರೆದು ನಮ್ಮ ಕಡೆ ನೋಡಿದರು. ನೋಡಿ, ಸಣ್ಣಗೆ ನಕ್ಕು, ಅಲ್ಲಿಂದ ಮುಂದೆ ಪ್ರತಿ ಸಾಲಿನ ಕೊನೆಗೆ ಒಂದು ಚೂರು ಕಾದರು. ಅವ್ವ ಒಮ್ಮೆಯೂ ತಪ್ಪಲಿಲ್ಲ.

ಹೊರಗೆ ಬಂದ ಮೇಲೆ ಇಡ್ಲಿ ಅಂಗಡಿಯ ಮುಂದೆ ಜಗಳವಾಯಿತು.

"ಅತ್ತಿ, ಇಲ್ಲಿ ಹಂಗೆಲ್ಲ ಅನ್ನಬಾರದು" ಎಂದರು ಇವರು.

"ಯಾಕ ಅನ್ನಬಾರದು? ಆತ ಅಷ್ಟ ಜೀವ ಹಾಕಿ ಹೇಳಾಕತ್ತಾನ, ನಾವು ಕಲ್ಲಿನಂಗ ಕುಂದ್ರಬೇಕೇನು?"

"ಮಂದಿ ವಾಹ್ ವಾಹ್ ಅಂತಾರಲ್ಲ, ಹಂಗ ಅನ್ನು ಬೇಕಾದ್ರ."

"ಅವರು ಸಾಲಿನ ನಡುವ ಅಂತಾರ. ಒಬ್ಬಾತ ಮಾತಾಡೂವಾಗ ನಡುವ ಬಾಯಿ ಹಾಕೂದು ಯಾವ ಊರ ರೀತಿ?"

ಆಮೇಲಿನ ಪ್ರಯಾಣಗಳಲ್ಲಿ ಆ ಹೂಂ ನಿಲ್ಲಿಸುವುದೇ ನನ್ನ ಕೆಲಸವಾಯಿತು. ಹಾಡು ಶುರುವಾಗುವ ಹೊತ್ತಿಗೆ ಸರಿಯಾಗಿ ಬಾಯಿ ತುಂಬ ಎಲೆಯಡಿಕೆ ಮಡಿಸಿ ಕೊಟ್ಟೆ. ಬಾಯಿ ಮುಚ್ಚಿಕೊಂಡು ಹೇಳಬಹುದಾದ ಮಾತು ಜಗತ್ತಿನಲ್ಲಿ ಅದೊಂದೇ ಎಂಬುದು ನನಗೆ ಹೊಳೆದಿರಲಿಲ್ಲ. ಎಲೆಯಡಿಕೆಯ ಹಿಂದಿನಿಂದ ಹೂಂ ಇನ್ನೂ ಗಂಭೀರವಾಗಿ ಬಂತು. ಹಿಂದಿನ ಸಾಲಿನಲ್ಲಿ ಕೂರಿಸಿದೆ, ಅಲ್ಲಿಂದಲೂ ಮುಟ್ಟಿತು. ಮಾತೇ ಇಲ್ಲದ ಕೊಳಲಿನ ಕಛೇರಿಗೆ ಕರೆದುಕೊಂಡು ಹೋದೆವು. ಅವಳು ಅದಕ್ಕೂ ಹೂಂಗುಟ್ಟಿ, "ಬಾಯಿಲೆ ಹೇಳಲಿಲ್ಲಂದ್ರೇನಾತು, ಹೇಳಿದ್ದಂತೂ ತಿಳೀತಲ್ಲ" ಎಂದಳು.

ಹೀಗಿರುವಾಗ ಒಂದು ವರ್ಷ ಚಳಿಗಾಲದಲ್ಲಿ ಅವ್ವ ಸುಮ್ಮನಾದಳು. ಒಂದು ಕಛೇರಿಯಲ್ಲಿ ಮೊದಲಿಂದ ಕೊನೆವರೆಗೆ ಕೈ ಕಟ್ಟಿಕೊಂಡು ಕೂತಳು. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವರನ್ನು ನೋಡಿ ತಾನೂ ತಟ್ಟಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಇವರು ಅವಳಿಗೆ ದಾರಿಯಲ್ಲಿ ಖುಬಾನಿ ಕಾ ಮೀಠಾ ಎಂಬ ಅಲ್ಲಿಯ ಸಿಹಿ ಕೊಡಿಸಿದರು. "ಅತ್ತಿಗೆ ಪಟ್ಣದ ಗಾಳಿ ಹತ್ತಿತು" ಎಂದು ಗಾಡಿಯಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಶಾಲೆಯ ಟೀಚರುಗಳ ಮುಂದೆ, ನಮ್ಮವ್ವ ಈಗ ಶಾಸ್ತ್ರೀಯ ಸಂಗೀತವನ್ನು ಎಷ್ಟು ಶಿಸ್ತಾಗಿ ಕೇಳುತ್ತಾಳೆ ಎಂದು ಕೊಚ್ಚಿಕೊಂಡೆ.

ಆ ವರ್ಷ ಊರಿನ ಹಾಡಿಕೆಗೆ ಅವಳು ಹೋಗಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದಳು. ಮನೆಯಲ್ಲಿ ನನ್ನನ್ನು ಬೈಯುವಾಗ ಗಂಟಲಿಗೆ ಏನೂ ಆಗಿರಲಿಲ್ಲ. ಅದನ್ನಾದರೂ ನಾನು ಗಮನಿಸಬಹುದಿತ್ತು.

ಮುಂದಿನ ಸಲ ನದಿ ದಂಡೆಯ ದೊಡ್ಡ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲೊಂದು ಹಳೆಯ ಗಡಿಯಾರವಿದೆ. ಗಂಟೆಯಾದಾಗ ಒಳಗಿನಿಂದ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಅದನ್ನು ನೋಡಲು ಜನ ಮೊದಲೇ ಬಂದು ಬೆಂಚು ಹಿಡಿಯುತ್ತಾರೆ. ಅಪರೂಪದ ಚಿತ್ರ, ಶಿಲೆ, ಕತ್ತಿ ಎಲ್ಲವನ್ನೂ ಬಿಟ್ಟು ಒಂದು ಗೊಂಬೆ ಮಧ್ಯಾಹ್ನ ಹನ್ನೆರಡು ಬಾರಿಸುವುದನ್ನು, ಎಲ್ಲರ ಕೈಯಲ್ಲೂ ಗಡಿಯಾರವಿರುವ ಕಾಲದಲ್ಲಿ, ಉಸಿರು ಬಿಗಿಹಿಡಿದು ಕಾಯುವ ಆ ಗುಂಪಿನಲ್ಲಿ ನಾವೂ ಇದ್ದೆವು. ಗೊಂಬೆ ಬಂತು, ಬಾರಿಸತೊಡಗಿತು. ಅವ್ವನ ಮುಂದೆ ಎತ್ತರದ ಒಬ್ಬ ಮನುಷ್ಯ ನಿಂತಿದ್ದ. ಗಂಟೆ ಇನ್ನೂ ಬಡಿಯುತ್ತಿರುವಾಗಲೇ ಅವಳು ನನ್ನ ಸೆರಗು ಎಳೆದು, "ಯಾವಾಗ ಹೊಡಿತಾನಂತ?" ಎಂದು ಕೇಳಿದಳು.

ಸುತ್ತಲಿನವರು ನಕ್ಕರು. ಗಲಾಟೆಯಲ್ಲಿ ಗೊತ್ತಾಗಿಲ್ಲ ಎಂದುಕೊಂಡು ನಾನೂ ನಕ್ಕೆ. ಆದರೆ ಅಲ್ಲಿ ಗಲಾಟೆ ಇರಲಿಲ್ಲ. ಅಷ್ಟು ಜನ ಸೇರಿದರೂ ಸದ್ದಿಲ್ಲದಿರುವ ಜಾಗ ಇಡೀ ಹೈದರಾಬಾದಿನಲ್ಲಿ ಅದೊಂದೇ ಇರಬೇಕು.

ಬೇಸಿಗೆ ಶುರುವಾಗುವ ಮೊದಲು ಗೋಲ್ಕೊಂಡಕ್ಕೆ ಹೋದೆವು. ಟಿಕೆಟ್ಟಿನ ಕಿಟಕಿಯ ಹತ್ತಿರವೇ ಅವ್ವ ತಕರಾರು ತೆಗೆದಳು. ಕುರಿ ಕಾಯುವವನೊಬ್ಬನಿಗೆ ಆ ಗುಡ್ಡದ ಮೇಲೆ ದೇವರ ಮೂರ್ತಿ ಸಿಕ್ಕಿತು, ಅದಕ್ಕೇ ತೆಲುಗಿನಲ್ಲಿ ಗೊಲ್ಲ ಕೊಂಡ, ಅಂದರೆ ಗೊಲ್ಲರ ಗುಡ್ಡ, ಎಂದು ಹೆಸರಾಯಿತು ಎಂಬ ಕಥೆಯನ್ನು ಇವರೇ ಗಾಡಿಯಲ್ಲಿ ಹೇಳಿ ಕೆಟ್ಟಿದ್ದರು. "ನಮ್ಮ ಗುಡ್ಡಕ್ಕ ನಾವ್ಯಾಕ ಟಿಕೀಟು ತಗೋಬೇಕು?" ಎಂದು ಅವಳು ಕಿಟಕಿಯೊಳಗಿನವನನ್ನು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಕೇಳಿದಳು. ಗೊಲ್ಲರು ಬೇರೆ, ಕುರುಬರಾದ ನಾವು ಬೇರೆ ಎಂದು ನಾನು ಹೇಳಹೋದೆ. "ಮಂದಿ ಬ್ಯಾರೆ ಆದ್ರ ಕುರಿ ಬ್ಯಾರೆ ಏನು?" ಎಂದಳು. ಹಿಂದಿದ್ದ ಸಾಲು ಬೆಳೆಯಿತು. ಇವರು ಕೊನೆಗೆ ಅವಳಿಗೆ ಕಾಣದಂತೆ ಟಿಕೆಟ್ಟು ತೆಗೆದುಕೊಂಡು, "ಅತ್ತಿ, ಬಿಟ್ರು, ನಡಿ" ಎಂದರು. ಅವಳು ಗೆದ್ದ ಮುಖದಲ್ಲಿ ಒಳಗೆ ಹೋದಳು.

ಗೋಲ್ಕೊಂಡದ ಹೆಬ್ಬಾಗಿಲಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳಿಸುತ್ತದೆ. ಶತ್ರು ಬಂದದ್ದನ್ನು ಮೇಲಿನವರಿಗೆ ತಿಳಿಸಲು ಹಾಗೆ ಕಟ್ಟಿದ್ದಂತೆ. ಹೋದವರೆಲ್ಲ ಅದನ್ನೊಂದು ಪರೀಕ್ಷೆ ಮಾಡಿಯೇ ಬರುತ್ತಾರೆ. ಬಿಪಿಯವರು ಮೆಟ್ಟಿಲು ಹತ್ತುವುದು ಬೇಡವೆಂದು ಇವರು ಕೆಳಗೆ ಉಳಿದರು. ನಾವಿಬ್ಬರೂ ಮೇಲೆ ಮುಟ್ಟಿದ ಮೇಲೆ ಅವರು ಚಪ್ಪಾಳೆ ತಟ್ಟಬೇಕು ಎಂದು ಮಾತಾಯಿತು. ಅವ್ವ ಕುರಿಯ ಹಿಂದೆ ಅಡ್ಡಾಡಿದ ಕಾಲಿನವಳು. ನಾನು ನಡುನಡುವೆ ಕೂತು ಏದುಸಿರು ಬಿಡುತ್ತಿದ್ದರೆ ಅವಳು ಮೇಲಿನ ತಿರುವಿನಲ್ಲಿ ನಿಂತು, "ಬಾರವ್ವ, ನೀ ಬರೂದ್ರಾಗ ಕೋಟಿ ಬಿದ್ದ ಹೋಗತೈತಿ" ಎನ್ನುತ್ತಿದ್ದಳು.

ತುದಿಯಲ್ಲಿ ಗಾಳಿ ಚೆನ್ನಾಗಿತ್ತು. ಅವ್ವ ಕಂಬಳಿ ಹಾಸಿ, ತನ್ನ ಗುಡ್ಡವನ್ನೂ ಕೆಳಗಿನ ಊರನ್ನೂ ನೋಡುತ್ತಾ ಕೂತಳು. ನಾನು ಅವಳ ಮುಖದ ಎದುರಿಗೆ ಬಗ್ಗಿ, "ಕೇಳಸ್ತೇನವ್ವ?" ಎಂದೆ. ಈಗ ಕೇಳಿಸಬಹುದು, ಕಿವಿಗೊಡು ಎಂಬ ಅರ್ಥದಲ್ಲಿ ಕೇಳಿದ್ದು.

ಅವಳು ನನ್ನ ಬಾಯನ್ನೇ ನೋಡಿ, "ಹೂಂ. ಕೇಳಸ್ತು. ಛಲೋ ಕೇಳಸ್ತು" ಎಂದಳು.

ಅಷ್ಟರಲ್ಲಿ ನನ್ನ ಮೊಬೈಲು ಅಲ್ಲಾಡಿತು. ಇವರು. "ಏ, ಇಲ್ಲಿ ಮಂದಿ ಭಾಳ ಅದಾರ, ಪಾಳಿ ಹಚ್ಯಾರ. ಇನ್ನಾ ಯಾರೂ ಹೊಡದಿಲ್ಲ, ತಡೀರಿ" ಎಂದರು.

ನನಗೆ ಮೊದಲು ನಗು ಬಂತು. ನಗುತ್ತಲೇ ಅವಳ ಕಡೆ ತಿರುಗಿದೆ. ಅವಳು ನನ್ನ ನಗುವನ್ನು ನೋಡಿದಳು, ಕೈಯಲ್ಲಿದ್ದ ಮೊಬೈಲನ್ನು ನೋಡಿದಳು. ತಾನು ಎಲ್ಲಿ ಸಿಕ್ಕಿಬಿದ್ದೆ ಎಂಬುದು ತಿಳಿದು ಮುಖ ಆಚೆ ತಿರುಗಿಸಿದಳು. ಆಗ ನನ್ನ ನಗು ನಿಂತಿತು. ಎಂದೂ ಜಾಗ ತಪ್ಪದ ಹೂಂ, ಯಾರೂ ಏನೂ ಹೇಳದಿರುವಾಗ ಬಿದ್ದಿತ್ತು. ಕೆಳಗೆ ಆಗಷ್ಟೇ ಯಾರು ಯಾರೋ ಚಪ್ಪಾಳೆ ತಟ್ಟತೊಡಗಿದರು, ಒಂದೊಂದೂ ಮೇಲೆ ಬಂದು ನನ್ನ ಕಿವಿಗೆ ಬಡಿಯುತ್ತಿತ್ತು.

"ಯಾವಾಗಿಂದ?" ಎಂದು ಗಟ್ಟಿಯಾಗಿ ಕೇಳಿದೆ.

"ಚಳಿ ಸುರು ಆದಾಗಿಂದ. ಮೊದಲ ಎಡಗಿವಿ ಹೋತು. ಅದರ ಬೆನ್ನ ಹಿಂದ ಬಲಗಿವಿ, ಕುರಿ ಹಿಂದ ಕುರಿ ಹೋದಂಗ. ಮಾತು ಒಂದಿಷ್ಟ ಕೇಳಸ್ತಾವ, ಬಾಯಿ ನೋಡಿ ಹಿಡೀತೀನಿ. ಹಾಡು ಸಿಗವಲ್ದು."

"ಹೇಳಬಾರದೇನು ನಮಗ?"

"ಏನಂತ ಹೇಳ್ಲಿ? ಜಾಗಾ ತಪ್ಪಿ ಹೂಂ ಅನ್ನೂಕಿಂತ ಸುಮ್ಮ ಕುಂದ್ರೂದು ಮರ್ಯಾದಿ. ನೀನೂ ಅದನ್ನ ಬೇಡತಿದ್ದಿ."

ನನಗೆ ಸಿಟ್ಟು ಬಂತು. ಅವಳ ಮೇಲೋ, ನನ್ನ ಮೇಲೋ, ಖುಬಾನಿ ಕಾ ಮೀಠಾ ಕೊಡಿಸಿದ ಇವರ ಮೇಲೋ ಗೊತ್ತಾಗಲಿಲ್ಲ. ಅಳುವೂ ಬಂತು. ಇಳಿಯುವಾಗ ಅವಳ ಕೈ ಹಿಡಿದುಕೊಂಡೆ. "ಕಾಲಿಗೇನಾಗಿಲ್ಲ, ಬಿಡು" ಎಂದು ಕೊಸರಿಕೊಂಡು ಮುಂದೆ ಹೋದಳು.

ಮಹಬೂಬನಗರದ ಡಾಕ್ಟರು ನೋಡಿ ಕಿವಿಗೆ ಮಷೀನು ಹಾಕಿದರು. ಅದು ಒಳ್ಳೆಯ ಮಷೀನೇ, ತಪ್ಪು ಅದರದ್ದಲ್ಲ. ಅದಕ್ಕೆ ಭೇದಭಾವವಿರಲಿಲ್ಲ ಅಷ್ಟೆ. ಇವರು ರೊಟ್ಟಿ ಅಗಿಯುವ ಸದ್ದು, ಪಕ್ಕದ ಮನೆಯ ಮಿಕ್ಸರ್, ನನ್ನ ಗೊಣಗಾಟ ಎಲ್ಲವನ್ನೂ ಒಂದೇ ಸಮ ಒಳಗೆ ತುಂಬಿತು. "ಇಷ್ಟು ದಿನ ನೀ ನನ್ನ ಬೆನ್ನ ಹಿಂದ ಇಷ್ಟೆಲ್ಲ ಅಂತಿದ್ದೇನು?" ಎಂದು ಅವಳು ಕೇಳಿದ ದಿನ ಇವರು ಹೊಟ್ಟೆ ಹಿಡಿದು ನಕ್ಕರು. ಗಾಡಿಯಲ್ಲಿ ಹಾಕಿಕೊಂಡರೆ, "ಗಾಡಿ ಹಳಿ ಬಿಟ್ಟು ನನ್ನ ತಲ್ಯಾಗ ಓಡಾಕತ್ತೈತಿ" ಎಂದು ತೆಗೆದಳು. ಒಮ್ಮೆ ಕಛೇರಿಗೂ ಹಾಕಿಕೊಂಡು ಬಂದಳು. ಹಾಡಿಗಿಂತ ಮುಂಚೆ ಎಸಿಯ ಗುಂಯ್ ಸದ್ದು, ಯಾರದೋ ಕೆಮ್ಮು, ಹಿಂದಿನವರ ಚಿಪ್ಸ್ ಪೊಟ್ಟಣ ಬಂದು ಕಿವಿ ತುಂಬಿದವು. ಮಷೀನು ಎಲೆಯಡಿಕೆ ಚೀಲ ಸೇರಿತು. ಮನೆಯಲ್ಲಿ ಮಾತಿಗೆ ಮಾತ್ರ ಹೊರಗೆ ಬರುತ್ತದೆ, ಅದೂ ನಾವು ಗುಸುಗುಸು ಅನ್ನುವಾಗ.

ಅಲ್ಲಿಗೆ ಅವಳು ಗಾಡಿ ಹತ್ತುವುದನ್ನೇ ಬಿಟ್ಟಳು. "ಹೂಂ ಅನ್ನಾಕ ಬರಲಾರದಾಕಿ ಬಂದು ಮಾಡೂದೇನೈತಿ? ನೀವು ಹೋಗ್ರಿ" ಎಂದಳು. ನಾವಿಬ್ಬರೇ ಒಮ್ಮೆ ಹೋದೆವು. ಹೇಗಿತ್ತೆಂದು ಕೇಳಬೇಡಿ. ಗಾಡಿಯಲ್ಲಿ ಜಾಗ ಸಿಗಲಿಲ್ಲ. ಸಭಾಂಗಣದಲ್ಲಿ ಎಲ್ಲರೂ ಸಭ್ಯರಾಗಿ ಕೂತಿದ್ದರು, ನಾವೂ ಕೂತೆವು. ಒಂದೊಂದು ಸಾಲು ಮುಗಿದಾಗಲೂ ಪಕ್ಕದಿಂದ ಬರಬೇಕಾದದ್ದು ಬರದೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಿಡುವಿನಲ್ಲಿ ಇವರು, "ಅತ್ತಿ ಇಲ್ಲದ ಸಂಗೀತ ಬರೇ ಸಂಗೀತ ಆಗೇತಿ ನೋಡು" ಎಂದರು. ಅವರ ಬಾಯಿಂದ ಬಂದ ಸರಿಯಾದ ಮಾತುಗಳಲ್ಲಿ ಅದೂ ಒಂದು.

ಮೊದಲ ಸಲ ಕೇಳಿದ್ದ ಆ ಧಾರವಾಡದ ಕಡೆಯ ಗವಾಯಿಗಳು ಮತ್ತೆ ಬರುತ್ತಾರೆಂದು ತಿಳಿದಾಗ ನಾನೊಂದು ಉಪಾಯ ಹೂಡಿದೆ. ಅವ್ವ ನನ್ನ ಪಕ್ಕ ಕೂರುವುದು. ಸಾಲು ಮುಗಿದಾಗ ನಾನು ಅವಳ ಕೈ ಒತ್ತುವುದು. ಒತ್ತಿದ ಕೂಡಲೇ ಅವಳು ಹೂಂ ಅನ್ನುವುದು. ಅವಳ ಬಾಯಿ ಮುಚ್ಚಿಸಲು ಎಲೆಯಡಿಕೆ ಮಡಿಸಿದವಳೇ ಈಗ ಅವಳ ಮುಂದೆ ಕೂತು, ಹೂಂ ಅನ್ನು ಎಂದು ದಮ್ಮಯ್ಯಗುಡ್ಡೆ ಹಾಕಿದೆ. ಅವಳು, "ನಿನಗ ಸಾಲು ಎಲ್ಲಿ ಮುಗೀತೈತಿ ಗೊತ್ತಾಗತೈತೇನು?" ಎಂದಳು. ಲೆಕ್ಕದ ಟೀಚರು ನಾನು, ಅದೇನು ಮಹಾ ಎಂದೆ.

ಗಾಡಿಯಲ್ಲೇ ತಾಲೀಮು ನಡೆಯಿತು. ದೇವರಕದ್ರ ದಾಟಿದ ಮೇಲೆ ಇವರು ಹಾಡತೊಡಗಿದರು. ಇವರ ಹಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಂಸಾರ ಮಾಡಬೇಕು. ಇವರು ಸಾಲು ಮುಗಿಸಿದಾಗ ನಾನು ಒತ್ತುವುದು, ಅವ್ವ ಹೂಂ ಅನ್ನುವುದು. ಜಡ್ಚರ್ಲಾದಲ್ಲಿ ಹತ್ತಿದ ಒಬ್ಬ ಮುದುಕಪ್ಪ ಸ್ವಲ್ಪ ಹೊತ್ತು ನೋಡಿ, ಈಕೆಗೆ ಏನಾದರೂ ಮೈಮೇಲೆ ಬರುತ್ತದೆಯೇ ಎಂದು ತೆಲುಗಿನಲ್ಲಿ ವಿಚಾರಿಸಿದ. ಶಾದನಗರ ಬರುವಷ್ಟರಲ್ಲಿ ಒಂದೂ ತಪ್ಪಾಗುತ್ತಿರಲಿಲ್ಲ. ಅವ್ವನ ಮುಖದಲ್ಲಿ ಹಳೆಯ ಠೀವಿ ಬಂದಿತ್ತು, ನನಗೆ ಹಿಡಿಸಲಾರದಷ್ಟು ಸಂತೋಷವಾಗಿತ್ತು.

ಸಭಾಂಗಣದಲ್ಲಿ ಈ ಸಲ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತೆವು. ಇವರು ಕ್ಯಾಂಟೀನಿಗೆ ಹೋಗಲಿಲ್ಲ. ಗವಾಯಿಗಳ ಕೂದಲು ಸ್ವಲ್ಪ ಬೆಳ್ಳಗಾಗಿತ್ತು. ಆಲಾಪ ಮುಗಿಯುವವರೆಗೆ ಅವ್ವ ನನ್ನ ಕೈಯಲ್ಲಿ ಕೈಯಿಟ್ಟು, ಅವರ ಗಂಟಲನ್ನೇ ನೋಡುತ್ತಾ ಕಾದಳು. ಕನ್ನಡ ಪದ ಶುರುವಾಯಿತು. ಇವರು ಗಾಡಿಯಲ್ಲಿ ಹಾಡಿದ್ದು ಸಾಲು ಸಾಲಾಗಿತ್ತು. ಇಲ್ಲಿ ಗವಾಯಿಗಳು ಒಂದೇ ಸಾಲನ್ನು ಹಿಡಿದು ಹೊರಳಿಸಿದರು, ಬಿಟ್ಟರು ಅನ್ನುವಾಗ ಮತ್ತೆ ಎತ್ತಿಕೊಂಡರು. ಅವರು ನಿಂತಂತೆ ಕಂಡಿತು, ಒತ್ತಿದೆ. ಅವ್ವ ಎದೆ ತುಂಬ ಹೂಂ ಅಂದಳು. ಅದು ಸರಿಯಾಗಿ ಒಂದು ಮಾತಿನ ನಡುವೆ ಹೋಗಿ ಬಿತ್ತು. ತಬಲಾದವನ ಕೈ ಒಂದು ಕ್ಷಣ ತಡೆಯಿತು. ಗವಾಯಿಗಳ ಹುಬ್ಬು ಮೇಲೇರಿದ್ದನ್ನು ಅವ್ವ ನೋಡಿದಳು. ಕಿವಿ ಹೋಗಿತ್ತು, ಕಣ್ಣಿಗೇನೂ ಆಗಿರಲಿಲ್ಲ. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದೆಯೂ ಎಷ್ಟೋ ಸಲ ಇಂಥ ಕುರ್ಚಿಗಳಲ್ಲಿ ಕೂತು ಹಾಗೆ ಅಂದುಕೊಂಡಿದ್ದೆ, ಆಗ ಅದು ನನ್ನ ಮಾನದ ಸಲುವಾಗಿ. ಈಗ ಅವಳ ಮಾನ ನನ್ನ ಕೈಯಲ್ಲಿತ್ತು, ನಾನದನ್ನು ಕೆಳಗೆ ಹಾಕಿದ್ದೆ. ಅವ್ವ ಇನ್ನು ಬಾಯಿ ತೆರೆಯುವುದಿಲ್ಲ ಎಂದು ಗೊತ್ತಾಯಿತು. ಈ ಸಭೆಯಲ್ಲಷ್ಟೇ ಅಲ್ಲ, ಬೀರಪ್ಪನ ಮುಂದೆಯೂ.

ಆದರೆ ಗವಾಯಿಗಳಿಗೆ ನಮ್ಮ ಗುರುತು ಹತ್ತಿರಬೇಕು. ಕಂಬಳಿಯ ಗುರುತೋ, ಹೂಂನ ಗುರುತೋ. ಅವರು ಆ ಸಾಲನ್ನು ನಿಧಾನವಾಗಿ ಮುಗಿಸಿ, ಮೊದಲಿನ ಸಲದ ಹಾಗೆಯೇ ನಮ್ಮ ಕಡೆ ನೋಡಿ ಕಾದರು. ಅವ್ವ ತಲೆ ತಗ್ಗಿಸಿದ್ದಳು. ಅವರು ಕಾದದ್ದು ಅವಳಿಗೆ ಕಾಣಲಿಲ್ಲ. ತಂಬೂರಿ ಒಂದೇ ನುಡಿಯುತ್ತಿತ್ತು. ಯಾರಾದರೂ ಏನಾದರೂ ಅನ್ನಲೇಬೇಕಿತ್ತು. ಕೊನೆಗೆ ಧೈರ್ಯ ಮಾಡಿ "ಹೂಂ" ಅಂದೆ.

ತಡವಾಗಿತ್ತು. ಕಾದು ಕಾದು ಗವಾಯಿಗಳು ಮುಂದಿನ ಸಾಲು ಎತ್ತಿಕೊಂಡ ಹೊತ್ತಿಗೇ ಅದು ನನ್ನ ಗಂಟಲಿನಿಂದ ಹೊರಟಿತು, 'ಹೂಂ' ಎಂದಲ್ಲ, ಬಾಗಿಲಿಗೆ ಬೆರಳು ಸಿಕ್ಕವರ ಕೂಗಿನಂತೆ. ಗವಾಯಿಗಳಿಗೆ ನಗು ತಡೆಯಲಾಗದೆ ಹಾಡು ನಿಂತಿತು. ತಬಲಾದವನು ನಕ್ಕ. ಇಡೀ ಸಭೆ ನಕ್ಕಿತು, ನನ್ನ ಗಂಡ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ಅವ್ವ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಆಮೇಲೆ ನನ್ನ ಮುಖವನ್ನು. ಏನಾಗಿರಬೇಕೆಂದು ಅವಳಿಗೆ ತಿಳಿಯಿತು. ಮುಖ ಒಮ್ಮೆಲೇ ಅರಳಿತು. ಕೂತಲ್ಲೇ ನೆಟ್ಟಗಾಗಿ, ತನ್ನ ದನಿ ತನಗೆ ಕೇಳಿಸದ್ದರಿಂದ ಇಡೀ ಸಭಾಂಗಣಕ್ಕೆ ಕೇಳುವಂತೆ ಗವಾಯಿಗಳಿಗೆ ಹೇಳಿದಳು.

"ನನ್ನ ಮಗಳ್ರೀ ಆಕಿ. ಇನ್ನಾ ಕಲ್ಯಾಕತ್ತಾಳ."

ಮಾತು ಮುಗಿಸಿ ಅವಳು ಕಾದಳು. ನಗುತ್ತಿದ್ದ ಗವಾಯಿಗಳು ನಗು ನಿಲ್ಲಿಸಿದರು. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಊರಲ್ಲಿ ಹೇಗೆ ಅನ್ನುತ್ತಾರೋ ಹಾಗೆಯೇ, ಎದೆಯೊಳಗಿನಿಂದ, "ಹೂಂ" ಅಂದರು.

ಹೂಂ ಬಿತ್ತೇನೆಂದು ಕೇಳುವಂತೆ ಅವ್ವ ನನ್ನ ಕಡೆ ತಿರುಗಿದಳು. ನಾನು ಅವಳ ಕೈ ಒತ್ತಿದೆ.